ದೇವಕಮ್ಮ ಹಾಕದ ಸಹಿ

ವಡಗೇರಾದ ದೇವಕಮ್ಮನಿಗೆ ಹದಿನಾಲ್ಕು ತಿಂಗಳ ಫೆಲೋಶಿಪ್ ಬಾಕಿ ಇದೆ. ವಿಶ್ವವಿದ್ಯಾಲಯ ಕೊಟ್ಟಿಲ್ಲ. ಸಂಶೋಧನೆ ಮಾಡುವವರಿಗೆ ಹೊಟ್ಟೆ ಇರುವುದಿಲ್ಲ ಅಂತ ಅಲ್ಲಿ ಯಾರೋ ಸಂಶೋಧನೆ ಮಾಡಿರಬೇಕು.

ಆಕೆಯ ಅವ್ವ ಮಾನಮ್ಮ ಕೂಲಿಯಾಕೆ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಹತ್ತಿ, ಭತ್ತವಾದವು. ಊರಲ್ಲಿ ಸಾಹುಕಾರರು ಹೆಚ್ಚಾದರು, ಮಾನಮ್ಮನ ಬೆನ್ನು ಬಾಗಿತು. ಆ ಬೆನ್ನಿನ ಮೇಲೆಯೇ ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮುಗಿಸಿದಳು. ಒಮ್ಮೆ ರೇಷನ್ ನಿಂತಾಗ ಮಾನಮ್ಮ ಸಹಾಯವಾಣಿಗೆ ಫೋನ್ ಹಚ್ಚಿದಳು. ನಿಮ್ಮ ಮಾತು ಅರ್ಥವಾಗಲಿಲ್ಲ ಅಂತು ಮಷಿನ್ನು. ಮತ್ತೆ ಹೇಳಿದಳು, ಮತ್ತೆ ಅದೇ. ಕನ್ನಡ ನಾಡಿನ ಮಷಿನ್ನಿಗೆ ಯಾದಗಿರಿಯ ಕನ್ನಡ ತಿಳಿಯುವುದಿಲ್ಲ! ನಮ್ಮ ಮಾತನ್ನು ಅದಕ್ಕೆ ಕಲಿಸಿಯೇ ತೀರುತ್ತೇನೆಂದು ಮಗಳು ಪಿಎಚ್‌.ಡಿ.ಗೆ ಸೇರಿದ್ದು ಆ ಸಿಟ್ಟಿಗೆ.

ಕಲಿಸಲು ರಾಶಿಗಟ್ಟಲೆ ಮಾತು ಬೇಕು. ಮಾತಾಡುವವರಿಗೆ ಕೊಡಲು ರೊಕ್ಕವಿಲ್ಲ. ದೇವಕಮ್ಮ ಮುಯ್ಯಾಳಿನ ದಾರಿ ಹಿಡಿದಳು. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು, ಅಷ್ಟೇ ಲೆಕ್ಕ. ಕಕ್ಕೇರಾದ ಹೊಲಗಳಲ್ಲಿ ಆಕೆ ಬಿಡಿಸಿದ ಹತ್ತಿ ಕೂಲಿ ಹೆಣ್ಮಕ್ಕಳ ಚೀಲಕ್ಕೆ, ಅವರ ಮಾತು ಆಕೆಯ ಫೋನಿಗೆ.

"ಸೂಜಿ ಮಾಡಾಕ ಬರಂಗಿಲ್ಲ, ಎಂಥಾ ಡಾಕ್ಟರ್ ಆಗ್ತಿಯವ್ವ ನೀ?" ಅಂತ ಮಲಕಮ್ಮ ಕಾಡಿಸುತ್ತಿದ್ದಳು. ಆ ಹೆಣ್ಮಕ್ಕಳ ಗುಂಪಿಗೆ ಹಿರಿಯಾಕೆ ಆಕೆ. ನಗುತ್ತಲೇ ಎಲ್ಲರೂ ಬಾಯಿ ಬಿಚ್ಚಿದರು. ಗಂಡನ ಕುಡಿತ, ಸೊಸೆಯ ಸೊಕ್ಕು, ತೂಕದಲ್ಲಿ ಮೋಸ ಮಾಡುವ ಸಾಹುಕಾರ, ಎಲ್ಲ ಬಂತು. ನಮ್ಮನ್ನು ಕೇಳದೆ ಈ ಮಾತು ಮತ್ತೊಬ್ಬರಿಗೆ ಕೊಡಬಾರದು ಅಂತ ಕರಾರು ಹಾಕಿದರು. ಈಕೆ ಹೂಂ ಅಂದಳು.

ನಾಲ್ಕು ವರ್ಷಕ್ಕೆ ಮಷಿನ್ನು ಕಲಿತಿತು. ಆಗ ಬಿತ್ತು ಆ ಮಾತಿನ ರಾಶಿಯ ಮೇಲೆ ಒಂದು ಕಂಪನಿಯ ಕಣ್ಣು. ಗೈಡ್ ಸಾಹೇಬರು ಒಂದು ಕಾಗದ ಮುಂದಿಟ್ಟರು. ಇಡೀ ರೆಕಾರ್ಡಿಂಗ್ ವಿಶ್ವವಿದ್ಯಾಲಯದ್ದು, ಯಾರಿಗೆ ಬೇಕಾದರೂ ಕೊಡಬಹುದು ಅಂತ ಬರೆದಿತ್ತು. ಸಹಿ ಮಾಡದಿದ್ದರೆ ಕೊನೆಯ ಮೌಖಿಕ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಇಲ್ಲ.

"ಅವರನ್ನ ಕೇಳಬೇಕ್ರಿ ಸರ್."

"ಹತ್ತಿ ಬಿಡಿಸೋರಿಗೆ ಎಂಥ ಹಕ್ಕಮ್ಮ?"

ಆಕೆ ಕಾಗದ ಹಿಡಿದುಕೊಂಡು ಕಕ್ಕೇರಾಕ್ಕೆ ಹೋದಳು. ಬದುವಿನ ಮೇಲೆ ಕೂತು ಓದಿ ಹೇಳಿದಳು. ಯಾರೂ ಕಾಡಿಸಲಿಲ್ಲ.

ಕಡೆಗೆ ಮಲಕಮ್ಮ ಅಂದಳು, "ಬ್ಯಾಡ ಅಂದ್ರ ನಿನ್ನ ಓದು ಮಣ್ಣಾಗ್ತದ. ಹೂಂ ಅಂದ್ರ, ಸಾಹುಕಾರನ ಕಿವಿಗಿ ಬಿದ್ದ ದಿನ ನಮ್ಮ ಕೂಲಿ ಹೋತು. ನೀನ ಹೇಳವ್ವ."

"ಸಹಿ ಹಾಕಂಗಿಲ್ಲ ಬಿಡು, ಚಿಗವ್ವ."

ಹಾಕಲಿಲ್ಲ. ಅದೇ ತಿಂಗಳು ಫೆಲೋಶಿಪ್ ನಿಂತಿತು. ಒಂದು ಗೀಟಿಗೆ ಇಷ್ಟು ಹಟವೇನು, ಹಾಕಿ ಡಾಕ್ಟರ್ ಆಗು ಅಂತ ಸೋದರಮಾವ ಯಂಕಣ್ಣನೂ ಬೈದ. ಈಗ ಆಕೆ ಶಹಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರಬಂಧ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಕೊಳೆಯುತ್ತಿದೆ. ಬಡವರ ಮಗಳು ತಲೆ ಬಗ್ಗಿಸಲಿ ಅಂತ ಅವರು ಕಾಯುತ್ತಿದ್ದಾರೆ. ಹಸಿವೆಗೆ ದೂಡಿ ಸಹಿ ಹಾಕಿಸಿಕೊಳ್ಳುವುದಕ್ಕೆ ನಮ್ಮ ಕಡೆ ಜೀತ ಅನ್ನುತ್ತಾರೆ, ಉನ್ನತ ಶಿಕ್ಷಣ ಅನ್ನುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಪ್ರಾಧ್ಯಾಪಕರಿದ್ದೀರಿ, ಸಿಂಡಿಕೇಟ್ ಸದಸ್ಯರಿದ್ದೀರಿ, ಪಿಎಚ್‌.ಡಿ. ಮಾಡುವ ಮಕ್ಕಳ ತಂದೆತಾಯಿ ಇದ್ದೀರಿ. ಅಯ್ಯೋ ಪಾಪ ಅನ್ನಬೇಡಿ, ಅದು ಯಾರಿಗೂ ಬೇಕಿಲ್ಲ. ಆ ಕಾಗದ ಹರಿದು ಹಾಕಿ, ದೇವಕಮ್ಮನ ಪರೀಕ್ಷೆಗೆ ದಿನ ಗೊತ್ತು ಮಾಡಿ ಎಂದು ನಿಮ್ಮ ಹೆಸರು, ಹುದ್ದೆ ಹಾಕಿ ಕುಲಪತಿಗೆ ಬರೆಯಿರಿ. ಬರೆಯುತ್ತೀರೋ, ಇಲ್ಲವೋ?