ಒಂದೂವರೆ ಬೆರಳು ಗಿಡ್ಡ ಪಂಪು

ನನ್ನ ಕಾರಿಗೆ ಇಪ್ಪತ್ತೈದು ವರ್ಷ ದಾಟಿದೆ. ಅದನ್ನು ತಯಾರಿಸಿದ ಕಂಪನಿ ಈ ದೇಶ ಬಿಟ್ಟು ಯಾವ ಕಾಲವಾಯಿತೋ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಕಾರನ್ನು ಮಾನ್ವಿಯ ಜನ ನಿಂತು ನೋಡುತ್ತಿದ್ದ ದಿನಗಳಲ್ಲಿ ಒಬ್ಬ ಡಾಕ್ಟರು ತಂದದ್ದು. ಅವರಿಗೆ ಬೇಸರ ಬಂದಾಗ ನಾನು ಕೊಂಡೆ. ಈಗಿನ ಹುಡುಗರು ಅದನ್ನು ಕ್ಲಾಸಿಕ್ ಎಂದು ಕರೆದು ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು, ನಿವೃತ್ತನಾಗಿದ್ದೇನೆ. ಸಿಟ್ಟು ಮಾತ್ರ ನಿವೃತ್ತಿಯಾಗಿಲ್ಲ ಎಂದು ಅಕ್ಕ ಅನ್ನುತ್ತಿದ್ದಳು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮದು ದೇವದುರ್ಗ ತಾಲ್ಲೂಕಿನ ಕೂಲಿ ಮನೆತನ. ಅವ್ವ ತೀರಿಕೊಂಡ ಮೇಲೆ ಹತ್ತಿ ಬಿಡಿಸಿ, ಕಾಲುವೆಯ ಮಣ್ಣು ಹೊತ್ತು ನನ್ನನ್ನು ಓದಿಸಿದವಳು ಅವಳೇ. ಗಂಡ ಸತ್ತ ನಂತರ ನನ್ನ ಮನೆಯಲ್ಲೇ ಇದ್ದಳು. ಎರಡು ವರ್ಷದ ಹಿಂದೆ ಅವಳ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ದಿನಕ್ಕೆ ಅರ್ಧ ಲೀಟರ್ ನೀರು, ಅಷ್ಟೇ. ಹೆಚ್ಚು ಕುಡಿದರೆ ಅದು ಹೊರಗೆ ಹೋಗುವ ದಾರಿ ಇಲ್ಲ, ಪುಪ್ಪುಸಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಮ್ಮ ಬೇಸಿಗೆಯಲ್ಲಿ ಅರ್ಧ ಲೀಟರ್ ನೀರು ಎಂದರೆ ಏನೆಂದು ಈ ಕಡೆಯವರಿಗೇ ಗೊತ್ತು. ನಾನು ಅಳತೆ ಗ್ಲಾಸಿನಲ್ಲಿ ಅಳೆದು ಕೊಡುತ್ತಿದ್ದೆ. ಅವಳು ಅದನ್ನು ನಾಲಿಗೆ ತೇವವಾಗುವಷ್ಟೇ ಬಿಟ್ಟುಕೊಂಡು ಉಳಿಸುತ್ತಿದ್ದಳು.

ಹೋದ ಬೇಸಿಗೆಯ ಒಂದು ಸೋಮವಾರ ಡಯಾಲಿಸಿಸ್ ಮುಗಿಸಿ ಹೊರಬಂದರೆ ಕಾರು ಸ್ಟಾರ್ಟ್ ಆಗಲಿಲ್ಲ. ಹತ್ತಿರದಲ್ಲೇ ಗ್ಯಾರೇಜಿಟ್ಟ, ವರ್ಷಗಳಿಂದ ನನ್ನ ಕಾರು ನೋಡುವ ಮಿಸ್ತ್ರಿಯನ್ನು ಕರೆತಂದೆ. ಅವರು ಹಿಂದಿನ ಸೀಟು ಎತ್ತಿ, ಪೆಟ್ರೋಲನ್ನು ಇಂಜಿನ್ನಿಗೆ ದಬ್ಬುವ ಪಂಪಿರುವ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು, ತಲೆ ಅಲ್ಲಾಡಿಸಿದರು.

"ಪಂಪು ಸುಟ್ಟದ ಮಾಸ್ತರ್ರ. ಅದು ಪೆಟ್ರೋಲಿನಾಗ ಮುಣುಗಿರಬೇಕು, ಪೆಟ್ರೋಲೇ ಅದಕ್ಕ ತಂಪು. ನೀವು ಯಾವಾಗ ನೋಡಿದ್ರೂ ತಳಕ್ಕ ಹಚ್ಚಿ ಓಡಿಸ್ತೀರಿ."

ಅದು ನಿಜ. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವನು ನಾನು. ಸ್ಕೂಟರ್ ಬಿಕ್ಕಳಿಸಿದಾಗ ರಿಸರ್ವಿಗೆ ತಿರುವಿ, ಆಮೇಲೆ ಬಂಕು ಹುಡುಕುವ ಚಟ. ತಳದಲ್ಲಿ ಯಾವಾಗಲೂ ಒಂದಿಷ್ಟು ಉಳಿದಿರುತ್ತದೆ ಎಂಬ ನಂಬಿಕೆ ರಕ್ತಕ್ಕೆ ಇಳಿದಿತ್ತು.

ಅಂದು ಅಕ್ಕನನ್ನು ಬಾಡಿಗೆ ಕಾರಿನಲ್ಲಿ ಮಾನ್ವಿಗೆ ಕರೆದೊಯ್ದೆ. ಡಯಾಲಿಸಿಸ್ ಆದ ದಿನ ಅವಳಿಗೆ ವಾಂತಿಯಾಗುವುದು ಸಾಮಾನ್ಯ. ದಾರಿಯಲ್ಲಿ ಆಯಿತು. ಡ್ರೈವರ್ ಗೋಣಿಚೀಲ ತಂದು ಹಾಸಿದ. ಮನೆ ಮುಟ್ಟಿದ ಮೇಲೆ ನಮ್ಮ ಕಣ್ಣೆದುರಿಗೇ ಸೀಟನ್ನು ಎರಡು ಸಲ ತೊಳೆದ, ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಇನ್ನ ಮಂದಿ ಗಾಡಿ ಬ್ಯಾಡೋ ತಮ್ಮಾ. ನಮ್ಮದು ರಿಪೇರಿ ಆಗಲಿ, ಅದರಾಗೇ ಹೋಗೂಣು. ಒಂದು ಪಾಳಿ ತಪ್ಪಿದ್ರ ಸಾಯಂಗಿಲ್ಲ ನಾನು."

ಅವಳನ್ನು ಎತ್ತಿಕೊಂಡಾದರೂ ಹೋಗಬೇಕಿತ್ತು. ಹೋಗಲಿಲ್ಲ, ಯಾಕೆಂದರೆ ಆ ಗೋಣಿಚೀಲ ನನ್ನನ್ನೂ ಚುಚ್ಚಿತ್ತು. ಗುರುವಾರದ ಪಾಳಿ ಬಿಟ್ಟೆವು. ಬರುವ ಸೋಮವಾರದೊಳಗೆ ಪಂಪು ಕೂರಿಸಲೇಬೇಕು ಎಂದು ಹೊರಟೆ.

ಅಸಲಿ ಪಂಪನ್ನು ಹೈದರಾಬಾದಿನಿಂದ ತರಿಸಬಹುದಿತ್ತು. ಆದರೆ ಹತ್ತು ದಿನ ಬೇಕು, ಅದೂ ಖಾತ್ರಿಯಿಲ್ಲ. ಮಿಸ್ತ್ರಿಗೆ ದೇವದುರ್ಗದಲ್ಲಿ ಇದೇ ಮಾದರಿಯ ಕಾರೊಂದು ಕೆಟ್ಟು ನಿಂತಿರುವುದು ಗೊತ್ತಿತ್ತು. ಬುಧವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ಒಂದು ಮನೆಯ ಹಿತ್ತಲಲ್ಲಿ ಟೈರಿಲ್ಲದೆ ಕಲ್ಲಿನ ಮೇಲೆ ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಮಿಸ್ತ್ರಿ ಕೋಳಿಯ ಬೈಗುಳ ಕೇಳುತ್ತ ಪಂಪು ಬಿಚ್ಚಿ, ತೊಳೆದು, ಬ್ಯಾಟರಿಗೆ ವೈರು ಹಿಡಿದು, ಪ್ರೆಷರ್ ನೋಡುವ ಗೇಜಿಗೆ ಜೋಡಿಸಿದರು. ಮುಳ್ಳು ಮೂರಕ್ಕೆ ಏರಿ ಅಲ್ಲೇ ನಿಂತಿತು. ಇಂಜೆಕ್ಷನ್ ಇಂಜಿನ್ನಿಗೆ ಬೇಕಾದದ್ದು ಅಷ್ಟೇ.

"ತಗೋರಿ ಮಾಸ್ತರ್ರ. ಹಳೀದಾದ್ರೂ ಅಸಲಿ ಅದ. ಕಣ್ಣು ಮುಚ್ಚಿ ಕೂಡಿಸಬಹುದು."

ನಾನು ಅದರ ಮೈಮೇಲಿನ ತುಕ್ಕು ನೋಡಿದೆ. ಕೋಳಿ ಹಿಕ್ಕೆ ನೋಡಿದೆ. ಬೇಡ ಎಂದೆ.

ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಬರೀ ಮೂರ್ಖ ಅಂದುಕೊಳ್ಳುತ್ತೀರಿ. ಹತ್ತನೇ ಇಯತ್ತೆ ಮುಗಿಯುವವರೆಗೆ ನಾನು ತೊಟ್ಟ ಒಂದು ಅಂಗಿಯೂ ನನಗೆಂದು ಹೊಲಿದದ್ದಲ್ಲ. ಅಕ್ಕ ಕೂಲಿಗೆ ಹೋಗುವ ಮನೆಗಳಲ್ಲಿ ಬಿಟ್ಟು ಕೊಟ್ಟದ್ದು. ಅಕ್ಕನ ಸೀರೆಯೂ ಹಾಗೆಯೇ. ನೌಕರಿ ಸಿಕ್ಕ ಮೇಲೆ ಮಂದಿ ಬಳಸಿ ಬಿಟ್ಟದ್ದನ್ನು ಮನೆಯೊಳಗೆ ತರುವುದಿಲ್ಲ ಎಂದು ಹಟ ಹಿಡಿದೆ. ಕಾರಿನಲ್ಲಿ ಮಾತ್ರ ಆ ಹಟ ತಪ್ಪಿತು, ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಅದರೊಳಗೆ ಹಾಕಿದ್ದೆಲ್ಲ ಹೊಸದೇ. ಅಕ್ಕನ ಜೀವ ಹೊತ್ತೊಯ್ಯುವ ಗಾಡಿಗೆ ಕೋಳಿ ಕೂತೆದ್ದ ಪಂಪು ಹಾಕಲು ನನ್ನ ಕೈ ಒಪ್ಪಲಿಲ್ಲ.

ಮನೆಯಲ್ಲಿ ಅಕ್ಕ ಕೇಳಿ ನಕ್ಕಳು. "ಅಳತಿಗೆ ಕೂಡ್ತದಂದ್ರ ಹಳೀದಾದ್ರೇನೋ? ನಾ ಏನು ಹೊಸಾಕೀನಾ?"

"ಹುಟ್ಟಿದಾಗಿಂದ ಮಂದಿ ಬಿಟ್ಟದ್ದೇ ಉಟ್ಟೀವಿ ಅಕ್ಕಾ. ಸಾಕು."



ಶನಿವಾರ ರಾಯಚೂರಿನ ಬಿಡಿಭಾಗದ ಅಂಗಡಿಯಲ್ಲಿ ಬೇರೊಂದು ಕಾರಿನ ಪಂಪು ಸಿಕ್ಕಿತು. ಡಬ್ಬಿಯೊಳಗಿನ ಹೊಸದು, ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ದಪ್ಪ ಒಂದೇ, ಗೇಜಿನ ಮುಳ್ಳೂ ಮೂರಕ್ಕೇ ನಿಂತಿತು. ಮಿಸ್ತ್ರಿ ಅದನ್ನು ನನ್ನ ಸುಟ್ಟ ಪಂಪಿನ ಪಕ್ಕಕ್ಕಿಟ್ಟು ಬೆರಳಿನಿಂದ ಅಳೆದರು.

"ಒಂದೂವರಿ ಬೆರಳು ಗಿಡ್ಡ ಅದರಿ. ಇದರ ಬಾಯಿ ಟ್ಯಾಂಕಿನ ತಳ ಮುಟ್ಟಂಗಿಲ್ಲ. ಕಾಲು ಟ್ಯಾಂಕಿಗಿಂತ ಕೆಳಗ ಬಂತಂದ್ರ ಗಾಳಿ ಎಳೀತದ, ಗಾಡಿ ನಿಲ್ತದ. ದೇವದುರ್ಗದ್ದೇ ತರೂಣು."

ನಾನು ಅವರಿಗೆ ಪಾಠ ಶುರು ಮಾಡಿದೆ. ಇಂಜಿನ್ನಿಗೆ ಬೇಕಾದದ್ದು ಒತ್ತಡ, ಒತ್ತಡ ಎರಡಕ್ಕೂ ಒಂದೇ, ಗೇಜು ಸುಳ್ಳು ಹೇಳುವುದಿಲ್ಲ ಎಂದು. ಎದುರಿಗೆ ಕರಿಹಲಗೆ ಇದ್ದಂತೆ ಬಡಬಡಿಸಿದೆ. ನಲವತ್ತು ವರ್ಷ ಪಂಪು ಬಿಚ್ಚಿದ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡರು.

"ನೀವು ಓದಿದವರು. ಕೂಡಿಸ್ತೀನಿ. ಆದ್ರ ಅರ್ಧ ಟ್ಯಾಂಕ್ ಯಾವಾಗ್ಲೂ ಇರಲಿ. ಈ ಒಂದು ಮಾತು ನಡೆಸಿ ಕೊಡ್ರಿ."

ಹ್ಞೂಂ ಎಂದೆ. ಭಾನುವಾರ ಕಾರು ಮಾನ್ವಿಗೆ ಬಂತು. ಇಂಜಿನ್ ಎಷ್ಟು ಮೆತ್ತಗೆ ತಿರುಗುತ್ತಿತ್ತೆಂದರೆ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು.

ಸೋಮವಾರ ಬೆಳಿಗ್ಗೆ ಅಕ್ಕನ ಮುಖ, ಕಾಲು ಬಾತಿದ್ದವು. ವಾರದ ನೀರು ಮೈಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಮಲಗಿಸಿದೆ. ಊರ ಬಂಕಿನಲ್ಲಿ ಕರೆಂಟಿರಲಿಲ್ಲ, ಸ್ವಲ್ಪ ತಡೀರಿ ಸರ ಎಂದರು. ತಡೆಯುವುದು ನನ್ನ ಜಾಯಮಾನವಲ್ಲ. ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕಿನ ಗೆರೆಗಿಂತ ಕೂದಲೆಳೆ ಮೇಲಿತ್ತು. ಅಷ್ಟೇ ಪೆಟ್ರೋಲಿನಲ್ಲಿ ರಾಯಚೂರು ಮುಟ್ಟಿದ್ದು ನೂರು ಸಲ ಇದ್ದೀತು. ಆ ನೂರು ಸಲವೂ ಉದ್ದನೆಯ ಪಂಪು ತಳದ ಪೆಟ್ರೋಲನ್ನು ಹೀರಿ ಕಾಪಾಡಿತ್ತು ಎಂಬುದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನ್ನಂಥವರಿಗೇ ಹೇಳಿದ್ದು.

ಕಲ್ಲೂರು ದಾಟಿ ಸ್ವಲ್ಪ ದೂರಕ್ಕೆ ಕಾರು ಕೆಮ್ಮಿ ನಿಂತಿತು. ಹನ್ನೊಂದರ ಬಿಸಿಲು. ರಸ್ತೆ ಪಕ್ಕ ಹೊಲದ ಮನೆಯೊಂದಿತ್ತು. ಅಲ್ಲಿಯ ಹೆಣ್ಣುಮಗಳು ಓಡಿಬಂದು ಅಕ್ಕನ ರಟ್ಟೆ ಹಿಡಿದು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂರಿಸಿದಳು. ಜೋಳದ ಹೊಲ, ದನ, ಬಾಗಿಲಿಗೆ ಹಿತ್ತಾಳೆಯ ಕೆತ್ತನೆ, ಅದು ಯಾವ ಮಂದಿಯ ಮನೆ ಎಂದು ನನಗೆ ತಿಳಿಯಿತು. ನನ್ನ ಕಾರಿನ ಗಾಜಿನ ಮೇಲೆ ಬುದ್ಧನ ಚಿತ್ರ, ನೀಲಿ ಚಕ್ರ. ನಾವು ಯಾರೆಂದು ಆಕೆಗೂ ತಿಳಿದಿರಲೇಬೇಕು.

ಮೋಟಾರ್ ಸೈಕಲ್ಲಿನವನೊಬ್ಬ ಪೆಟ್ರೋಲ್ ತರಲು ನನ್ನನ್ನು ಹತ್ತಿಸಿಕೊಂಡ. ಹೊರಡುವ ಮುಂಚೆ ಆ ಹೆಣ್ಣುಮಗಳಿಗೆ ಒಂದು ಮಾತು ಹೇಳಬೇಕಿತ್ತು, ಈಕೆಗೆ ನೀರು ಕೊಡಬೇಡವ್ವಾ ಎಂದು. ಬಾಯಿ ಬರಲಿಲ್ಲ. ನಮ್ಮಂಥವರು ಅಂಥ ಮನೆಯ ಅಂಗಳದಲ್ಲಿ ನಿಂತು ನೀರಿನ ಮಾತು ಎತ್ತುವುದೇ ಕಷ್ಟ. ಅವರಾಗಿ ಕೊಡುವುದಿಲ್ಲ, ನಾವಾಗಿ ಬೇಡ ಅನ್ನುವುದೇಕೆ ಎಂದು ಒಳಗೊಳಗೇ ಲೆಕ್ಕ ಹಾಕಿ ಹೊರಟೆ.

ಒಂದು ತಾಸಿನ ಮೇಲೆ ಬಂದೆ. ಅಕ್ಕನ ಮಡಿಲಲ್ಲಿ ತಾಮ್ರದ ತಂಬಿಗೆ ಇತ್ತು, ಖಾಲಿ.

"ಎರಡು ತಂಬಿಗಿ ಕುಡದ್ರು ಪಾಪ. ಎಷ್ಟು ಬಾಯಾರಿದ್ರೋ ಏನೋ," ಎಂದಳು ಆ ಹೆಣ್ಣುಮಗಳು.

ಕಾರಿನಲ್ಲಿ ಕೂತ ಮೇಲೆ ಅಕ್ಕನನ್ನು ಬೈದೆ. ಸಾಯಬೇಕಂತ ಮಾಡೀಯೇನು ಎಂದೆ. ಆ ಮಾತಿಗೆ ನನ್ನ ನಾಲಿಗೆ ಕಿತ್ತುಕೊಂಡರೂ ಕಡಿಮೆಯೇ.

"ತಂಬಿಗಿ ನನ್ನ ಕೈಯಾಗ ಕೊಟ್ಟಳೋ ತಮ್ಮಾ," ಎಂದಳು ಅಕ್ಕ, ಉಸಿರು ಎಳೆದುಕೊಳ್ಳುತ್ತ. "ಮ್ಯಾಲಿಂದ ಸುರೀಲಿಲ್ಲ. ಬಾಯಿ ಹಚ್ಚಿ ಕುಡಿ ಯವ್ವಾ ಅಂದಳು. ಹೆಂಗ ಬ್ಯಾಡ ಅನ್ಲಿ?"

ನಮ್ಮೂರ ಬಾವಿಯ ಬಳಿ ನಾವು ಬೊಗಸೆ ಒಡ್ಡಿ ಕೂತರೆ, ಯಾರಾದರೂ ದೂರದಿಂದ ಎತ್ತಿ ಸುರಿದರೆ ನೀರು. ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಅಂಥ ಮನೆಯ ತಂಬಿಗೆ ಅವಳ ಕೈಗೆ ಬಂದಿತ್ತು. ಎರಡನೆಯದನ್ನು ಅವಳೇ ಕೇಳಿ ಇಸಿದುಕೊಂಡಳಂತೆ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಎದೆ ಗೊರಗುಡುತ್ತಿತ್ತು. ಅಲ್ಲಿಯವರು ಕೈಲಾದದ್ದೆಲ್ಲ ಮಾಡಿದರು. ಸಂಜೆ ಐದಕ್ಕೆ ಮುಗಿಯಿತು. ಪುಪ್ಪುಸದ ತುಂಬ ನೀರು ಎಂದು ಡಾಕ್ಟರು ಹೇಳಿದರು. ನೀರಲ್ಲ ಡಾಕ್ಟರೇ, ಕೊಂದದ್ದು ನಾನು ಎನ್ನಬೇಕೆನಿಸಿತು. ಅವರು ಕೊಟ್ಟ ಕಾಗದಕ್ಕೆ ಸಹಿ ಮಾಡಿದೆ.

ಮೂರು ತಿಂಗಳ ಮೇಲೆ ಮರಣ ಪ್ರಮಾಣ ಪತ್ರ ತರಲು ಅದೇ ಕಾರಿನಲ್ಲಿ ರಾಯಚೂರಿಗೆ ಹೊರಟಿದ್ದೆ. ಆ ಹೊಲದ ಮನೆಯಾಕೆ ರಸ್ತೆ ದಂಡೆಯಲ್ಲಿದ್ದಳು. ಕಾರಿನ ಗುರುತು ಹತ್ತಿ ಕೈಯೆತ್ತಿದಳು. ನಿಲ್ಲಿಸಿದೆ. ಹಿಂದಿನ ಸೀಟಿನ ಕಡೆ ಇಣುಕಿ ನೋಡಿ ಕೇಳಿದಳು.

"ಯವ್ವ ಹೆಂಗದಾರ್ರಿ? ನಮ್ಮ ಬಾವಿ ನೀರು ಭಾಳ ಸಿಹಿ ಅಂದಿದ್ರು. ಮತ್ತ ಬರ್ತೀನಿ ಅಂದಿದ್ರು."

"ಛಲೋ ಅದಾರ್ರಿ," ಎಂದೆ. "ಕರಕೊಂಡು ಬರ್ತೀನಿ."