ಅಣ್ಣನಿಗೆ ಕಳಿಸಿದ ಬೆಲ್ಟ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಅಣ್ಣ ಏಳನೆಯ ತರಗತಿಗೇ ಶಾಲೆ ಬಿಟ್ಟು, ಮಂಗಳೂರಿನ ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತು ನನ್ನನ್ನು ಓದಿಸಿದ. ಆ ಓದಿನಿಂದಲೇ ನಾನು ಕತಾರಿನಲ್ಲಿ ಸೇಫ್ಟಿ ಆಫೀಸರ್. ಹಾಗೆಂದು ಹೇಳಿಕೊಳ್ಳಲು ಸಂಕೋಚವಿಲ್ಲ, ಆ ಕೆಲಸ ಪುಕ್ಕಟೆ ಸಿಕ್ಕಿದ್ದಲ್ಲ. ಮನೆಗೆ ಯಾವ ಫ್ರಿಜ್ ತರಬೇಕು, ಅಮ್ಮನ ಬಿಪಿ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಎಲ್ಲದಕ್ಕೂ ಫೋನ್ ದೋಹಾಕ್ಕೇ ಬರುತ್ತಿತ್ತು. ಗೊತ್ತಿಲ್ಲ ಎಂದು ನಾನು ಒಮ್ಮೆಯೂ ಹೇಳಿದವನಲ್ಲ.

ಅಣ್ಣ ಈಗ ಸ್ವಂತ ಮೀನು ವ್ಯಾಪಾರದವ. ಒಂದು ಜಗಳದಲ್ಲಿ ಯಾರೋ ತಲವಾರು ಬೀಸಿದ ಮೇಲೆ ಲೈಸೆನ್ಸ್ ಮಾಡಿಸಿ ಪಿಸ್ತೂಲು ತೆಗೆದುಕೊಂಡ. ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಒಂದು ದಿನ ಚಾಕಲೇಟು ಹುಡುಕುತ್ತ ಅವನ ಆರು ವರ್ಷದ ಮಗಳು ಅದನ್ನು ಕೈಗೆತ್ತಿಕೊಂಡಳು. ಅವತ್ತೇ ವಿಡಿಯೋ ಕಾಲ್ ಬಂತು.

"ನೀನು ಓದಿದವ, ಹೇಳು ಮಾರಾಯ. ಇದನ್ನು ಎಲ್ಲಿ ಇಟ್ಟುಕೊಳ್ಳುದು?"

"ಕಾರಲ್ಲಿ ಬೇಡ, ಬ್ಯಾಗಲ್ಲೂ ಬೇಡ. ಯಾವಾಗಲೂ ಮೈಮೇಲೇ ಇರಬೇಕು."

"ಅಂಗಡಿಯವ ಕೊಟ್ಟ ಗಟ್ಟಿ ಕವರ್ ಉಂಟು. ಅದು ಪ್ಯಾಂಟಿನವರಿಗೆ. ಲುಂಗಿಗೆ ಸಿಕ್ಕಿಸಿದರೆ ಲುಂಗಿ ಸಮೇತ ಕೆಳಗೆ ಬರ್ತದೆ. ಧಕ್ಕೆಯವರಿಗೆ ನಗ್ಲಿಕ್ಕೆ ಬೇರೆ ಬೇಡ."

ನಾನು ಪಿಸ್ತೂಲನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಆದರೂ ಉತ್ತರ ಥಟ್ಟನೆ ಹೊಳೆಯಿತು. ನಮ್ಮ ಕರಾವಳಿಯ ವ್ಯಾಪಾರಿಗಳು ಲುಂಗಿಯ ಮೇಲೆ ಕಟ್ಟುವ, ಒತ್ತುಗುಂಡಿಯ ಕಿಸೆಗಳಿರುವ ಅಗಲದ ಬೆಲ್ಟ್. ಗಲ್ಫಿನಿಂದ ಊರಿಗೆ ಹೋಗುವವರು ಹಿರಿಯರಿಗೆ ಅದನ್ನು ಒಯ್ಯುವುದುಂಟು. ಶುಕ್ರವಾರ ಮಲಬಾರಿಯೊಬ್ಬನ ಅಂಗಡಿಯಲ್ಲಿ ಅತಿ ದೊಡ್ಡ ಕಿಸೆಯದ್ದನ್ನು ಆರಿಸಿ ತಂದೆ.

ದೋಹಾದ ಬಿನ್ ಒಮ್ರಾನಿನ ನಮ್ಮ ರೂಮಿನಲ್ಲಿ ಇನ್ನೊಬ್ಬರಿದ್ದರು. ಸೈನ್ಯದಿಂದ ನಿವೃತ್ತರಾಗಿ ಬಂದು ಸೆಕ್ಯುರಿಟಿ ಕೆಲಸ ಮಾಡುತ್ತಿದ್ದವರು. ಎಲ್ಲರಿಗೂ ಅವರು ಹವಾಲ್ದಾರ್ರು. ಬೆಲ್ಟ್ ಯಾಕೆಂದು ಕೇಳಿದರು, ಹೇಳಿದೆ. ಅವರು ಕಿಸೆಯೊಳಗೆ ಬೆರಳು ಹಾಕಿ ಹೊರಗಿನಿಂದ ಒತ್ತಿ ನೋಡಿದರು.

"ಸೇಫ್ಟಿ ಸಾಹೇಬ್ರೆ, ಇದು ಮೆತ್ತಗುಂಟು. ಟ್ರಿಗರ್ ಮೇಲೆ ಗಟ್ಟಿ ಕವರ್ ಬೇಕೇ ಬೇಕು. ಈ ಕಿಸೆಯಲ್ಲಿ ಒಂದು ಬೀಗದ ಕೈ ಬಿದ್ದು ಟ್ರಿಗರಿಗೆ ಸಿಕ್ಕಿದರೆ ಖಲಾಸ್. ಕುಕ್ಕರಗಾಲಲ್ಲಿ ಕೂತರೆ ಪಿಸ್ತೂಲಿನ ಬಾಯಿ ಎಲ್ಲಿಗೆ ನೋಡ್ತದೆ? ತೊಡೆಗೇ ಅಲ್ವಾ?"

"ಹೇಳ್ತೇನೆ ಅಣ್ಣನಿಗೆ."

"ಫೋನ್ ಹಚ್ಚಿ ಕೊಡಿ, ನಾನೇ ಹೇಳ್ತೇನೆ. ಗುಂಡು ಏರಿಸಿ ಇಟ್ಟುಕೊಳ್ತಾರಾ ಅಂತಲೂ ಕೇಳ್ಬೇಕು."

ನಾನು ಫೋನ್ ಕೊಡಲಿಲ್ಲ. ಅವರು ಓದಿದ್ದು ಎಂಟನೆಯ ತರಗತಿ. ಕೊಟ್ಟರೆ ಅಣ್ಣನ ಎದುರು, ನಾನು ಹೇಳಿದ್ದು ತಪ್ಪು, ಇವರು ಹೇಳಿದ್ದು ಸರಿ ಎಂದಾಗುತ್ತಿತ್ತು. ಆ ವಾರ ಊರಿಗೆ ಹೊರಟವರ ಕೈಯಲ್ಲಿ ಬೆಲ್ಟ್ ಕಳಿಸಿದೆ. ಅಣ್ಣ ಅದನ್ನು ಕಟ್ಟಿಕೊಂಡು ಫೋಟೋ ಹಾಕಿದಾಗ "ಜಾಗ್ರತೆ" ಎಂದು ಒಂದೇ ಪದ ಬರೆದೆ. ಹವಾಲ್ದಾರ್ರು ಕೇಳಿದಾಗ, ಎಲ್ಲ ಹೇಳಿದ್ದೇನೆ ಎಂದೆ.

ಎರಡು ತಿಂಗಳೂ ಆಗಿರಲಿಲ್ಲ. ಅಲ್ ಅಜೀಜಿಯಾದ ಕಟ್ಟಡದ ಸೈಟಿನಲ್ಲಿ ಕೆಲಸಗಾರರಿಗೆ ಬೆಳಗಿನ ಸೇಫ್ಟಿ ಮಾತು ಹೇಳುತ್ತಿದ್ದೆ. "ಗೊತ್ತಿಲ್ಲದಿದ್ದರೆ ಕೇಳಿ, ಕೇಳುವುದರಲ್ಲಿ ನಾಚಿಕೆ ಇಲ್ಲ" ಎಂದು ದಿನಾ ಹಿಂದಿಯಲ್ಲಿ ಹೇಳುವ ಸಾಲನ್ನು ಅವತ್ತೂ ಹೇಳಿ ಮುಗಿಸಿದ್ದೆ. ಅತ್ತಿಗೆಯ ಫೋನ್. ಅಣ್ಣ ಮೀನಿನ ಪೆಟ್ಟಿಗೆ ನೋಡಲು ಕುಕ್ಕರಗಾಲಲ್ಲಿ ಕೂತಿದ್ದನಂತೆ. ಗೋದಾಮಿನ ಬೀಗದ ಕೈಗೊಂಚಲು ಪಿಸ್ತೂಲಿದ್ದ ಕಿಸೆಯಲ್ಲೇ ಇತ್ತು. ಗುಂಡು ತೊಡೆ ಸೀಳಿ ಮೊಣಕಾಲಿನೊಳಗೆ ನಿಂತಿತ್ತು.

ನಾನು ಊರು ಮುಟ್ಟುವಷ್ಟರಲ್ಲಿ ಕಾಲನ್ನು ತೊಡೆಯವರೆಗೆ ತೆಗೆದಿದ್ದರು. ಆಸ್ಪತ್ರೆಯ ಹೊದಿಕೆ ಒಂದು ಬದಿಯಲ್ಲಿ ಚಪ್ಪಟೆಯಾಗಿತ್ತು. ಅಣ್ಣ ನೋಡಲು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದ.

"ಇವನು ಕತಾರಿಂದ ಕಳಿಸಿದ ಬೆಲ್ಟನ್ನೇ ಬಿಚ್ಚಿ ತೊಡೆಗೆ ಬಿಗಿದದ್ದು. ಅದಿಲ್ಲದಿದ್ದರೆ ರಕ್ತ ಹೋಗಿ ಅಲ್ಲೇ ಮುಗೀತಿತ್ತು."

ಎಲ್ಲರೂ ಹೋದ ಮೇಲೆ ನಾನು ಹವಾಲ್ದಾರ್ರ ಮಾತನ್ನು ಹೇಳಿದೆ. ಬೆಲ್ಟ್ ಕಳಿಸುವ ಮೊದಲೇ ಅವರು ಹೇಳಿದ್ದರು, ನಾನು ನಿನಗೆ ತಿಳಿಸಲಿಲ್ಲ ಎಂದೆ. ಪಿಸ್ತೂಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎಂದೂ ಹೇಳಿದೆ.

ಅಣ್ಣ ಹೊದಿಕೆಯನ್ನು ಸರಿಮಾಡಿಕೊಂಡ.

"ಬೀಗದ ಕೈ ಹಾಕಿದ್ದು ನಾನಲ್ವಾ? ನಿನಗೆ ಗೊತ್ತಿಲ್ಲದೆ ಉಂಟಾ. ಸುಮ್ಮನೆ ನನ್ನ ಸಮಾಧಾನಕ್ಕೆ ಹೇಳ್ತಿ." ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆದ. ಕೃತಕ ಕಾಲಿನ ಎರಡು ಚಿತ್ರಗಳಿದ್ದವು. "ಇದರಲ್ಲಿ ಯಾವುದು ಒಳ್ಳೇದು, ನೋಡಿ ಹೇಳು. ಲುಂಗಿಗೆ ಆಗುವಂಥದ್ದು."