ನೀಲಿ ಟೈಲ್ಸಿನ ಊರುಗಳು

ಈದ್ ರಜೆಯಲ್ಲಿ ಮೂವತ್ತೊಂದು ಜನರಿಗೆ ಸಮರ್‌ಕಂದ್, ಬುಖಾರಾ ತೋರಿಸಿ ಬಂದು, ಗಲ್ಫಿನ ಅಲ್ ಮುರಕ್ಕಬಾತಿನಲ್ಲಿರುವ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಕಾಲು ಚಾಚಿ ಕೂತಿದ್ದೆ. ಆ ಗುಂಪಿನಲ್ಲಿದ್ದ ನರ್ಸ್ ಫಿಲೋಮಿನಾ ಬಾಯಿ ಮೊಬೈಲ್ ಹಿಡಿದುಕೊಂಡು ಬಂದರು.

“ಎಲ್ಲದರಲ್ಲೂ ನೀಲಿ ಟೈಲ್ಸೇ ಮಾರಾಯ್ರೆ. ಯಾವುದು ಯಾವ ಊರು ಹೇಳಿ, ಮಕ್ಕಳು ಕೇಳ್ತಾರೆ. ನೀವು ಎಲ್ಲಿಯೂ ನಿಲ್ಲಲಿಕ್ಕೆ ಬಿಡ್ಲಿಲ್ಲ, ಯಲ್ಲಾ ಯಲ್ಲಾ ಅಂತ ಓಡಿಸಿದ್ದೇ.”

ಹನ್ನೊಂದು ಸಲ ಹೋಗಿಬಂದವನು ಗೊತ್ತಿಲ್ಲ ಎನ್ನುವುದು ಹೇಗೆ? ಒಂದೊಂದೇ ಫೋಟೋ ಸರಿಸುತ್ತಾ ಬಾಯಿಗೆ ಬಂದ ಊರು ಹೇಳಿದೆ. ಕೊನೆಯದಕ್ಕೆ, “ಇದು ಬುಖಾರಾ, ಸಂಶಯವೇ ಇಲ್ಲ” ಎಂದೆ.

“ಇದು ಶಾರ್ಜಾದ ಬ್ಲೂ ಸೂಕ್ ಮಾರ್ಕೆಟ್ ಅಲ್ವಾ? ಹೊರಡುವ ಮೊದಲು ಸೂಟ್‌ಕೇಸ್ ತೆಗೆದುಕೊಳ್ಳಲಿಕ್ಕೆ ಹೋದದ್ದು.”

ಹನ್ನೊಂದು ಸಲವೂ ನಾನು ಆ ಗುಮ್ಮಟಗಳಿಗೆ ಬೆನ್ನು ಹಾಕಿ ನಿಂತು ತಲೆ ಎಣಿಸಿದವನು. ಎಣಿಕೆ ಮಾತ್ರ ಒಮ್ಮೆಯೂ ತಪ್ಪಿಲ್ಲ.